ಸಿಸಿಯ ಲೆಕ್ಕ, ಸುತ್ತಿನ ಲೆಕ್ಕ

ಕನ್ನಡ ಕಲಿಸುವವನಿಗೆ ಮೋಟಾರು ಕಾರುಗಳ ಗೊಡವೆ ಏಕೆಂದು ಕೆಲವರಾದರೂ ಕೇಳಿಯಾರು. ಸಂಧಿ, ಸಮಾಸ, ಷಟ್ಪದಿಗಳ ವಿಷಯ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಯಾರೂ ಓದುತ್ತಲೂ ಇರಲಿಲ್ಲವೇನೋ! ನಮ್ಮ ಶಾಲೆಯ ಒಂಬತ್ತು, ಹತ್ತನೆಯ ತರಗತಿಗಳ ಮಕ್ಕಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಿಸಿಬಿಸಿಯಾಗಿ ಚರ್ಚಿಸುವ ವಿಷಯಗಳಲ್ಲಿ ಇದೂ ಒಂದು. ಇಂಜಿನು ದೊಡ್ಡದಾದಷ್ಟೂ ಕಾರು ಶ್ರೇಷ್ಠವೆಂದು ಒಂದು ಪಂಗಡ. ಸಣ್ಣ ಇಂಜಿನಿನಿಂದ ದೊಡ್ಡ ಕೆಲಸ ತೆಗೆಯುವುದೇ ಜಾಣ್ಮೆ, ದೊಡ್ಡ ಇಂಜಿನು ಕಟ್ಟುವುದು ಸೋಮಾರಿಗಳ ದಾರಿ ಎಂದು ಇನ್ನೊಂದು ಪಂಗಡ. ಹುಡುಗಿಯರೂ ಈ ವಾದದಲ್ಲಿ ಹಿಂದೆ ಬಿದ್ದವರಲ್ಲ. ಎರಡೂ ಪಂಗಡದವರು ಒಂದೊಂದೇ ಅಂಕಿಯನ್ನು ಭದ್ರವಾಗಿ ಹಿಡಿದುಕೊಂಡು ವಾದಿಸುತ್ತಾರೆ ಎಂಬುದಷ್ಟೇ ನನಗೆ ಕಂಡ ಕೊರತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮತ ಸಣ್ಣ ಇಂಜಿನಿಗೆ. ಆದರೆ ಸಣ್ಣ ಇಂಜಿನಿನ ಪಕ್ಷದವರು ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ರಕ್ಷಕರಿಗೂ ಈ ಚರ್ಚೆಯಲ್ಲಿ ಒಂದು ಪಾಲಿದೆ. ಅದು ಲೇಖನದ ಕೊನೆಯ ಭಾಗದಲ್ಲಿ ಬರುತ್ತದೆ. ಅಲ್ಲಿಯ ತನಕ ಅವರು ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಮೊದಲು ಮಾತಿನ ವಿಚಾರ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ನಾವು ಮನೆಯಲ್ಲಿ ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಜ್ಞಾನದ ಪಾಠದಲ್ಲಿ ಮೂರೂ ಬೇರೆ ಬೇರೆ. ಎಷ್ಟು ಕೆಲಸ ಎಷ್ಟು ಹೊತ್ತಿನಲ್ಲಿ ನಡೆಯಿತು ಎಂಬುದು ಸಾಮರ್ಥ್ಯ. ಆ ಲೆಕ್ಕದಲ್ಲಿ ನೋಡಿದರೆ 'ಅಶ್ವಶಕ್ತಿ' ಎಂಬ ರೂಢಿಯ ಮಾತೇ ಸರಿಯಲ್ಲ, 'ಅಶ್ವಸಾಮರ್ಥ್ಯ' ಎಂದಾಗಬೇಕಿತ್ತು. ಇರಲಿ, ರೂಢಿಗೆ ಶರಣಾಗೋಣ. ಇಂಜಿನಿನ ದಂಡ ತಿರುಗುವಾಗ ಅದರಲ್ಲಿರುವ ತಿರುಚುವ ಬಲಕ್ಕೆ ಟಾರ್ಕ್ ಎಂದು ಹೆಸರು. ಈ ಬಲವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ ಗುಣಿಸಿದರೆ ಸಿಗುವುದು ಅಶ್ವಶಕ್ತಿಯ ಲೆಕ್ಕ.

ಬಾವಿಯಿಂದ ನೀರು ಸೇದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಕೊಡಪಾನದಲ್ಲಿ ನಿಧಾನವಾಗಿ ಸೇದಿಯೂ ತೊಟ್ಟಿ ತುಂಬಿಸಬಹುದು, ಸಣ್ಣ ಕೊಡಪಾನದಲ್ಲಿ ಬೇಗಬೇಗ ಸೇದಿಯೂ ತುಂಬಿಸಬಹುದು. ತೊಟ್ಟಿ ತುಂಬುವ ಹೊತ್ತು ಎರಡರಲ್ಲೂ ಒಂದೇ ಆಗಬಹುದು. ಆದರೆ ಎರಡನೆಯ ಕ್ರಮದಲ್ಲಿ ರಾಟೆ ಕಿರುಗುಟ್ಟುತ್ತದೆ, ಹಗ್ಗ ಸವೆಯುತ್ತದೆ, ಸೇದುವವರ ಗಮನ ಒಂದಿಷ್ಟೂ ಆಚೀಚೆ ಹೋಗುವಂತಿಲ್ಲ.

ಈಗ ಎರಡು ನಿಜವಾದ ಕಾರುಗಳನ್ನು ನೋಡೋಣ. ಜಪಾನಿನ ಹೋಂಡಾ ಸಂಸ್ಥೆ 1999ರಲ್ಲಿ ಎಸ್ 2000 ಎಂಬ ಎರಡು ಆಸನಗಳ ತೆರೆದ ಕಾರನ್ನು ಮಾರಾಟಕ್ಕೆ ತಂದಿತು. ಇಂಜಿನು 1,997 ಸಿಸಿ, ನಾಲ್ಕು ಸಿಲಿಂಡರು. ಜಪಾನಿನಲ್ಲಿ ಮಾರಿದ ಮಾದರಿಗೆ ನಿಮಿಷಕ್ಕೆ 8,300 ಸುತ್ತಿನಲ್ಲಿ 250 ಅಶ್ವಶಕ್ತಿ. ಕೆಂಪು ಗೆರೆ ಇದ್ದುದು 9,000ದಲ್ಲಿ. ಅದೇ ಕಾಲದಲ್ಲಿ ಅಮೆರಿಕದ ಷೆವರ್ಲೆ ಸಂಸ್ಥೆಯ ಕಾರ್ವೆಟ್, ಅಂದರೆ 1997ರಲ್ಲಿ ಹೊರಬಂದ ಅದರ ಐದನೆಯ ತಲೆಮಾರು, 5,665 ಸಿಸಿಯ ಎಂಟು ಸಿಲಿಂಡರುಗಳ ಇಂಜಿನನ್ನು ಹೊತ್ತಿತ್ತು. ಅದರ ಶಕ್ತಿ ಮೆಟ್ರಿಕ್ ಲೆಕ್ಕದಲ್ಲಿ 5,600 ಸುತ್ತಿಗೆ ಸುಮಾರು 350. ಎರಡರಲ್ಲೂ ಟರ್ಬೋ ಇಲ್ಲ, ಎರಡೂ ತಾವಾಗಿ ಗಾಳಿ ಎಳೆದುಕೊಳ್ಳುವ ಇಂಜಿನುಗಳೇ.

ಲೀಟರಿನ ಲೆಕ್ಕ ಹಾಕಿದರೆ ಹೋಂಡಾಕ್ಕೆ ಲೀಟರಿಗೆ 125, ಕಾರ್ವೆಟ್ಟಿಗೆ 62. ಸಣ್ಣ ಇಂಜಿನಿನ ಪಕ್ಷದವರು ಇಲ್ಲಿಗೇ ಕೈತಟ್ಟಿ ಎದ್ದು ಹೋಗುತ್ತಾರೆ. ಆದರೆ ಕಾರು ಓಡುವಾಗ ಹೊರಬೇಕಾದುದು ತೂಕವನ್ನೇ ಹೊರತು ಸಿಸಿಯನ್ನಲ್ಲ. ಹೋಂಡಾ 1,240 ಕಿಲೋ, ಕಾರ್ವೆಟ್ ಸುಮಾರು 1,460 ಕಿಲೋ. ಟನ್ನಿನ ಲೆಕ್ಕ ಹಾಕಿದರೆ ಹೋಂಡಾಕ್ಕೆ 200ರ ಆಸುಪಾಸು, ಕಾರ್ವೆಟ್ಟಿಗೆ 240. ಇಂಜಿನು ಸುಮಾರು ಮೂರು ಪಾಲು ದೊಡ್ಡದಾದರೂ ಕಾರು ಅಷ್ಟು ಪಾಲು ಭಾರವಾಗಲಿಲ್ಲವಲ್ಲ, ಅದು ಹೇಗೆ? ಕಾರ್ವೆಟ್ಟಿನ ಇಂಜಿನು ಅಲ್ಯೂಮಿನಿಯಮ್ಮಿನದು. ಹದಿನಾರು ಕವಾಟಗಳನ್ನು ತೆರೆಯುವುದಕ್ಕೆ ಒಂದೇ ಒಂದು ಕ್ಯಾಮ್ ದಂಡ, ಅದೂ ಇಂಜಿನಿನ ಹೊಟ್ಟೆಯೊಳಗೆ ಅಡಗಿದೆ. ಆದುದರಿಂದ ಅದರ ತಲೆ ಸಣ್ಣದು, ಎತ್ತರ ಕಡಿಮೆ. ಹೋಂಡಾದಲ್ಲೂ ಹದಿನಾರು ಕವಾಟಗಳೇ. ಆದರೆ ತಲೆಯ ಮೇಲೆ ಎರಡು ದಂಡಗಳು, ಆರು ಸಾವಿರ ಸುತ್ತಿನ ಸುಮಾರಿಗೆ ಒಂದು ಬಗೆಯ ಉಬ್ಬನ್ನು ಬಿಟ್ಟು ಇನ್ನೊಂದಕ್ಕೆ ಹಾರುವ ವ್ಯವಸ್ಥೆ ಬೇರೆ. ಸಿಸಿ ಎಂಬುದು ಸಿಲಿಂಡರಿನ ಒಳಗಿನ ಬರಿದಾದ ಜಾಗದ ಅಳತೆ. ಬರಿಯ ಜಾಗಕ್ಕೆ ತೂಕವಿಲ್ಲ!

ಹಾಗೆಂದು ಹೋಂಡಾದವರು ಬರಿಯ ಸುತ್ತು ಹೆಚ್ಚಿಸಿ ಗೆದ್ದರೆನ್ನುವುದೂ ತಪ್ಪೇ. ಇನ್ನೊಂದು ಲೆಕ್ಕವಿದೆ, ಹತ್ತನೆಯ ತರಗತಿಯವರು ತಾವೇ ಮಾಡಿ ನೋಡಬಹುದು. ಇಂಥ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 8,300 ಸುತ್ತಿನಲ್ಲಿ ಹೋಂಡಾ ನಿಮಿಷಕ್ಕೆ ಸುಮಾರು 8,300 ಲೀಟರು, 5,600 ಸುತ್ತಿನಲ್ಲಿ ಕಾರ್ವೆಟ್ ಸುಮಾರು 15,900 ಲೀಟರು. ಸಾವಿರ ಲೀಟರು ಗಾಳಿಗೆ ಹೋಂಡಾ 30 ಅಶ್ವಶಕ್ತಿ ಕೊಟ್ಟರೆ ಕಾರ್ವೆಟ್ 22 ಕೊಡುತ್ತದೆ. ಅಂದರೆ ಹೋಂಡಾದ ಸಿಲಿಂಡರು ಮೇಲಿನ ಸುತ್ತುಗಳಲ್ಲಿ ನಿಜವಾಗಿಯೂ ಚೆನ್ನಾಗಿ ತುಂಬಿಕೊಳ್ಳುತ್ತದೆ, ಚೆನ್ನಾಗಿ ಉರಿಸುತ್ತದೆ. ಲೀಟರಿಗೆ ಇಷ್ಟೆಂದು ಎದೆಯುಬ್ಬಿಸುವುದಕ್ಕಿಂತ ಈ ಲೆಕ್ಕವೇ ಹೋಂಡಾದವರಿಗೆ ಹೆಚ್ಚು ಗೌರವ ತರುವಂಥದು.

ಅದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಹೋಂಡಾದ ಪಿಸ್ಟನ್ ಒಂದು ಸಲಕ್ಕೆ ಚಲಿಸುವ ದೂರ 84 ಮಿಲಿಮೀಟರು. 9,000 ಸುತ್ತಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 25 ಮೀಟರು. ಪ್ರತಿಯೊಂದು ಕವಾಟ ಸೆಕೆಂಡಿಗೆ 75 ಸಲ ತೆರೆದು ಮುಚ್ಚಬೇಕು. ಪಿಸ್ಟನ್ ಮೇಲೆ ಹೋಗಿ ನಿಂತು ಹಿಂತಿರುಗುವ ಆ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಸೆಳೆತ ಭೂಮಿಯ ಗುರುತ್ವದ ನಾಲ್ಕು ಸಾವಿರ ಪಟ್ಟಿಗೂ ಮಿಗಿಲು. ಕಾರ್ವೆಟ್ಟಿನಲ್ಲಿ ಇದು ಹೆಚ್ಚುಕಡಿಮೆ ಅರ್ಧದಷ್ಟು. ಸುತ್ತು ಎರಡು ಪಟ್ಟಾದರೆ ಈ ಸೆಳೆತ ನಾಲ್ಕು ಪಟ್ಟಾಗುತ್ತದೆ ಎಂಬುದೇ ಇಲ್ಲಿಯ ಕಷ್ಟ. ಇಷ್ಟನ್ನು ತಾಳುವ ಇಂಜಿನನ್ನು ಪ್ರಯೋಗಶಾಲೆಯಲ್ಲಿ ಒಂದು ಕಟ್ಟುವುದು ಬೇರೆ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಕಟ್ಟಿ ಸಾಮಾನ್ಯ ಗಿರಾಕಿಗಳ ಕೈಗೆ ಕೊಡುವುದು ಬೇರೆ.

ಈ ವಿದ್ಯೆ ಹೋಂಡಾದವರಿಗೆ ಒಂದು ದಿನದಲ್ಲಿ ಬಂದುದಲ್ಲ. ಸೊಯಿಚಿರೊ ಹೋಂಡಾ 1948ರಲ್ಲಿ ಸ್ಥಾಪಿಸಿದ ಸಂಸ್ಥೆ ಮೊದಲು ಮಾಡುತ್ತಿದ್ದುದು ಮೋಟಾರು ಸೈಕಲ್ಲುಗಳನ್ನು. 1959ರಲ್ಲಿ ಅವರು ಮೊದಲ ಬಾರಿಗೆ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯಕ್ಕೆ ಹೋದರು, 1961ರಲ್ಲಿ ಅಲ್ಲಿ ಗೆದ್ದರು. ಆ ವೇಳೆಗೆ ಜಪಾನಿನ ಸರಕಾರ ಕಾರು ತಯಾರಿಸುವ ಸಂಸ್ಥೆಗಳ ಸಂಖ್ಯೆಯನ್ನು ಮಿತಿಗೊಳಿಸುವ ಕಾನೂನೊಂದನ್ನು ತರುವ ಯೋಚನೆಯಲ್ಲಿತ್ತು. ಇರುವ ದೊಡ್ಡವರು ಸಾಕು, ಹೊಸಬರು ಬೇಡ ಎಂಬ ಧೋರಣೆ. ಬಾಗಿಲು ಮುಚ್ಚುವ ಮೊದಲೇ ಒಳಗೆ ಕಾಲಿಡಬೇಕೆಂದು ಹೋಂಡಾ 1963ರಲ್ಲಿ ಒಂದು ಪುಟ್ಟ ಟ್ರಕ್ಕನ್ನೂ ಎಸ್ 500 ಎಂಬ ಪುಟ್ಟ ಕ್ರೀಡಾ ಕಾರನ್ನೂ ಹೊರತಂದರು. ಆ ಕಾರಿನ ಇಂಜಿನು 531 ಸಿಸಿ, 8,000 ಸುತ್ತಿಗೆ 44 ಅಶ್ವಶಕ್ತಿ. ಹಿಂದಿನ ಚಕ್ರಗಳಿಗೆ ಮೋಟಾರು ಸೈಕಲ್ಲಿನಂತೆ ಚೈನು! ಆ ಕಾನೂನು ಕೊನೆಗೂ ಜಾರಿಗೆ ಬರಲಿಲ್ಲ. ಎರಡು ವರ್ಷ ಕಳೆದು 1965ರ ಮೆಕ್ಸಿಕೊ ಗ್ರಾಂ ಪ್ರೀಯಲ್ಲಿ ಒಂದೂವರೆ ಲೀಟರಿನ ಹನ್ನೆರಡು ಸಿಲಿಂಡರುಗಳ ಹೋಂಡಾ ಕಾರನ್ನು ಓಡಿಸಿ ರಿಚೀ ಗಿಂಥರ್ ಗೆದ್ದರು. ಇದ್ದ ಸಣ್ಣ ಜಾಗವನ್ನೇ ಹೆಚ್ಚು ಸಲ ತುಂಬಿ ಬರಿದು ಮಾಡುವುದು ಆ ಸಂಸ್ಥೆಯ ಸ್ವಭಾವವೇ ಆಗಿಬಿಟ್ಟಿತು.

ಆದರೆ ಸಣ್ಣ ಇಂಜಿನುಗಳೆಲ್ಲ ಜಾಣ್ಮೆಯ ಹಂಬಲದಿಂದಲೇ ಹುಟ್ಟಿದವೆಂದು ತಿಳಿಯಬೇಡಿ. ಬಹಳ ಮಟ್ಟಿಗೆ ಅವುಗಳನ್ನು ಹುಟ್ಟಿಸಿದ್ದು ತೆರಿಗೆಯ ಗುಮಾಸ್ತರು. ಜಪಾನಿನಲ್ಲಿ ವಾಹನ ತೆರಿಗೆ ಇಂಜಿನಿನ ಗಾತ್ರಕ್ಕೆ ತಕ್ಕಂತೆ ಮೆಟ್ಟಿಲುಗಳಲ್ಲಿ ಏರುತ್ತದೆ, 2,000 ಸಿಸಿ ಅಲ್ಲೊಂದು ಮೆಟ್ಟಿಲು. 1,997 ಎಂಬ ಅಂಕಿ ಎಲ್ಲಿಂದ ಬಂತೆಂದು ಈಗ ಊಹಿಸಬಹುದು. ಇಟಲಿಯಲ್ಲಿ ಎರಡು ಲೀಟರು ಮೀರಿದ ಕಾರಿಗೆ ಭಾರಿ ತೆರಿಗೆಯಿದ್ದ ಕಾಲದಲ್ಲಿ ಫೆರಾರಿಯವರು ಸಹ 1975ರಲ್ಲಿ 1,991 ಸಿಸಿಯ ಎಂಟು ಸಿಲಿಂಡರುಗಳ ಕಾರೊಂದನ್ನು ಮಾಡಿದರು. ಇಂಗ್ಲೆಂಡಿನ ಕತೆ ಇನ್ನೂ ಸ್ವಾರಸ್ಯದ್ದು. 1920ರ ದಶಕದಿಂದ 1940ರ ದಶಕದ ಕೊನೆಯ ತನಕ ಅಲ್ಲಿ ತೆರಿಗೆ ಹಾಕುತ್ತಿದ್ದುದು ಸಿಲಿಂಡರಿನ ಅಗಲದ ಮೇಲೆ ಮಾತ್ರ, ಉದ್ದದ ಮೇಲಲ್ಲ. ಸರಿ, ಅಲ್ಲಿಯವರು ಸಪೂರವಾದ ಉದ್ದುದ್ದದ ಸಿಲಿಂಡರು ಮಾಡಿದರು. ಪಿಸ್ಟನ್ ಬಹುದೂರ ಓಡಬೇಕಾದುದರಿಂದ ಅಂಥ ಇಂಜಿನು ಬೇಗ ತಿರುಗದು. ಒಂದು ತೆರಿಗೆ ಸಣ್ಣ ಇಂಜಿನನ್ನು ಓಡಲು ಕಲಿಸಿದರೆ ಇನ್ನೊಂದು ತೆರಿಗೆ ಅದರ ಕಾಲು ಕಟ್ಟಿತು. ನಮ್ಮ ದೇಶದಲ್ಲಿ 2006ರ ಬಜೆಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, 1,200 ಸಿಸಿ ಮೀರದ ಪೆಟ್ರೋಲು ಕಾರುಗಳ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ನಿಮ್ಮ ನೆರೆಮನೆಯ ಕಾರಿನ ದಾಖಲೆಯಲ್ಲಿ 1,197 ಎಂಬ ಅಂಕಿ ಕಂಡರೆ ಅದರ ಹಿಂದಿನ ಕತೆ ಇದು. ಪೆಟ್ರೋಲು ಅಗ್ಗವಾಗಿದ್ದ, ರಸ್ತೆ ನೇರವಾಗಿದ್ದ, ಸಿಸಿಯ ಮೇಲೆ ಇಂಥ ತೆರಿಗೆಯಿಲ್ಲದ ಅಮೆರಿಕದವರು ದೊಡ್ಡ ಕೊಡಪಾನವನ್ನೇ ಆರಿಸಿಕೊಂಡರೆ ಅದನ್ನು ಸೋಮಾರಿತನವೆನ್ನುವುದು ನ್ಯಾಯವಲ್ಲ.

ದೊಡ್ಡ ಇಂಜಿನು ಹೆಚ್ಚು ಪೆಟ್ರೋಲು ಕುಡಿಯುತ್ತದೆಂಬ ವಾದವೂ ಇದೆ. ಪಟ್ಟಣದೊಳಗೆ ಅದು ನಿಜ. ಹೆದ್ದಾರಿಯಲ್ಲಿ ಮಾತ್ರ ಅಮೆರಿಕದ ಸರಕಾರದ ಪರೀಕ್ಷೆಯ ಪ್ರಕಾರವೇ ಕಾರ್ವೆಟ್ ಹೋಂಡಾಕ್ಕಿಂತ ಗ್ಯಾಲನ್ನಿಗೆ ಒಂದೆರಡು ಮೈಲಿ ಹೆಚ್ಚು ಓಡುತ್ತಿತ್ತು! ಗಂಟೆಗೆ 100 ಕಿಲೋಮೀಟರು ವೇಗದಲ್ಲಿ, ಆರನೆಯ ಗೇರಿನಲ್ಲಿ, ಕಾರ್ವೆಟ್ಟಿನ ಇಂಜಿನು ಒಂದೂವರೆ ಸಾವಿರಕ್ಕೂ ಕಡಿಮೆ ಸುತ್ತಿನಲ್ಲಿ ಗುನುಗುತ್ತಿರುತ್ತದೆ. ಹೋಂಡಾದ್ದು ಮೂರೂವರೆ ಸಾವಿರ ಮೀರಿ ತಿರುಗುತ್ತಿರುತ್ತದೆ. ಮೈಯಲ್ಲಿ ಬಲವಿದ್ದವನಿಗೆ ನಿಧಾನವಾಗಿ ಹೆಜ್ಜೆ ಹಾಕುವ ಸವಲತ್ತು ಇರುತ್ತದೆ.

ಪಂದ್ಯಗಳ ಸಾಕ್ಷ್ಯ ಏನೆನ್ನುತ್ತದೆ? 1966ರ ಲ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಎಲ್ಲರೂ ಫೋರ್ಡ್ ಮತ್ತು ಫೆರಾರಿಗಳ ಕಾಳಗವೆಂದು ನೆನೆಯುತ್ತಾರೆ, ಅದರ ಮೇಲೆ ಸಿನೆಮಾ ಕೂಡ ಬಂದಿದೆ. ಏಳು ಲೀಟರಿನ ಫೋರ್ಡ್ ಕಾರುಗಳು ಮೊದಲ ಮೂರು ಸ್ಥಾನ ಗಳಿಸಿದುವು. ದೊಡ್ಡದರ ಪಕ್ಷದವರಿಗೆ ಇಷ್ಟು ಸಾಕು. ಆದರೆ ಆ ಮಾದರಿಯ ಎಂಟು ಕಾರುಗಳಲ್ಲಿ ಕೊನೆ ಮುಟ್ಟಿದ್ದು ಆ ಮೂರೇ. ನಾಲ್ಕು, ಐದು, ಆರು, ಏಳನೆಯ ಸ್ಥಾನಗಳು ಯಾರಿಗೆ ಹೋದುವು ಗೊತ್ತೆ? ಎರಡೇ ಲೀಟರಿನ ಪೋರ್ಷೆ 906 ಕಾರುಗಳಿಗೆ. ಸಿನೆಮಾದವರು ಅವರ ಕಡೆ ಕ್ಯಾಮೆರಾ ತಿರುಗಿಸುವ ಗೋಜಿಗೆ ಹೋಗಲಿಲ್ಲ. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ 1,071 ಸಿಸಿಯ ಪುಟ್ಟ ಮಿನಿ ಕೂಪರ್ ಕಾರು ಎಂಟು ಸಿಲಿಂಡರುಗಳ ಫೋರ್ಡ್ ಫಾಲ್ಕನನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಗೆದ್ದದ್ದನ್ನು ಸಣ್ಣದರ ಪಕ್ಷದವರು ಹಾಡಿ ಹೊಗಳುತ್ತಾರೆ. ಇಂಜಿನಿನ ಗಾತ್ರಕ್ಕೆ ತಕ್ಕಂತೆ ರಿಯಾಯಿತಿ ಕೊಡುವ ಸೂತ್ರವೊಂದು ಆ ಪಂದ್ಯದಲ್ಲಿತ್ತೆಂಬುದನ್ನು ಹೇಳಲು ಅವರು ಮರೆಯುತ್ತಾರೆ.

ಹಾಗಾದರೆ ನನ್ನ ಮತ ಸಣ್ಣ ಇಂಜಿನಿಗೆ ಏಕೆ? ಚಾಲಕನ ದೃಷ್ಟಿಯಿಂದ. ಎಸ್ 2000 ಕಾರನ್ನು ಆರು ಸಾವಿರ ಸುತ್ತಿನ ಕೆಳಗೆ ಓಡಿಸಿದರೆ ಅದು ಸಾಧು ಹಸುವಿನಂತೆ, ಸಂಸಾರದ ಕಾರಿಗಿಂತ ಹೆಚ್ಚೇನೂ ಅಲ್ಲ. ಅದರ ಪೂರ್ತಿ ಶಕ್ತಿ ಬೇಕಾದರೆ ಕ್ಲಚ್ಚು ತುಳಿದು, ಗೇರು ಇಳಿಸಿ, ಕಿವಿಗೊಟ್ಟು ಕೇಳಿ, ಸಮಯ ನೋಡಿ ಮತ್ತೆ ಗೇರು ಏರಿಸಬೇಕು. ಶಕ್ತಿಯನ್ನು ಕೇಳಿ ಪಡೆಯಬೇಕು. ತಾನು ಏನು ಕೇಳುತ್ತಿದ್ದೇನೆಂದು ಚಾಲಕನಿಗೆ ಪ್ರತಿ ಸಲವೂ ಅರಿವಿರುತ್ತದೆ, ಇಂಜಿನಿನ ಕೂಗೇ ಅದನ್ನು ತಿಳಿಸುತ್ತದೆ. ಕಾರ್ವೆಟ್ಟಿನಂಥ ಕಾರಿನಲ್ಲಿ ಯಾವ ಗೇರಿನಲ್ಲಿದ್ದರೂ ಪಾದವನ್ನು ಒಂದಂಗುಲ ಒತ್ತಿದರೆ ಸಾಕು. ಅದರ ಟಾರ್ಕ್ ಹೋಂಡಾದ ಎರಡು ಪಟ್ಟಿಗೂ ಹೆಚ್ಚು, ಅದೂ 4,400 ಸುತ್ತಿಗೇ ಸಿಗುತ್ತದೆ. ಹೋಂಡಾದ್ದು ತುಂಬಿ ಬರಲು 7,500 ಬೇಕು. ಅನಾಯಾಸವಾಗಿ ಸಿಕ್ಕಿದ ವೇಗದ ಅಳತೆ ಮನಸ್ಸಿಗೆ ತಿಳಿಯುವುದಿಲ್ಲ.

ಇದಕ್ಕೆ ಎದುರುವಾದ ಇಲ್ಲದಿಲ್ಲ. ಮೊದಮೊದಲ ಎಸ್ 2000 ಕಾರುಗಳ ಹಿಂಭಾಗ ಒದ್ದೆ ರಸ್ತೆಯ ತಿರುವಿನಲ್ಲಿ ಥಟ್ಟನೆ ಜಾರುವುದೆಂಬ ಅಪವಾದವಿತ್ತು. 2004ರ ಮಾದರಿಗೆ ಹೋಂಡಾದವರು ಅದರ ಸಸ್ಪೆನ್ಷನ್ ತಿದ್ದಿದರು. ಜಾರಿಕೆಯನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕಾರ್ವೆಟ್ಟಿಗೆ ಮೊದಲೇ ಬಂತು, ಹೋಂಡಾಕ್ಕೆ ತಡವಾಗಿ ಬಂತು. ಆದುದರಿಂದ ಸಣ್ಣ ಇಂಜಿನಿನದು ಸುರಕ್ಷಿತವಾದ ಕಾರು ಎಂದು ನಾನು ಹೇಳುತ್ತಿಲ್ಲ. ಅದು ಗಮನವನ್ನು ಬೇಡುವ ಕಾರು, ನನಗೆ ಹಿಡಿಸುವುದು ಆ ಗುಣ.

ಈಗ ರಕ್ಷಕರ ಪಾಲಿಗೆ ಬರುತ್ತೇನೆ. ಎಸ್ 2000 ಆಗಲಿ ಕಾರ್ವೆಟ್ ಆಗಲಿ ನಮ್ಮ ಕಾಸರಗೋಡಿನ ಮನೆಗಳ ಅಂಗಳಕ್ಕೆ ಬರುವ ವಸ್ತುಗಳಲ್ಲ. ಆದರೆ ಇದೇ ಜೋಡಿ ದ್ವಿಚಕ್ರದ ರೂಪದಲ್ಲಿ ಮನೆಮನೆಗೆ ಬಂದಿದೆ. ಹಿರಿಯರಿಗೆ ಯಮಹಾ ಆರ್‌ಎಕ್ಸ್ 100 ನೆನಪಿದ್ದೀತು. 1985ರಿಂದ 1996ರ ತನಕ ತಯಾರಾದ ಈ 98 ಸಿಸಿಯ ಗಾಡಿ 7,500 ಸುತ್ತಿಗೆ 11 ಅಶ್ವಶಕ್ತಿ ಕೊಡುತ್ತಿತ್ತು. ಮೂರೂವರೆ ಪಾಲು ದೊಡ್ಡ ಇಂಜಿನಿನ ಬುಲೆಟ್ಟಿಗೆ ಅದು ಬೆನ್ನು ತೋರಿಸಿ ಹೋಗುತ್ತಿದ್ದುದನ್ನು ನೋಡಿದವರು ಈಗಲೂ ಇದ್ದಾರೆ. ಈಗಿನ ಜೋಡಿ ನೋಡಿ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350 ಗಾಡಿಗೆ 6,100 ಸುತ್ತಿನಲ್ಲಿ 20 ಅಶ್ವಶಕ್ತಿ, ತೂಕ 195 ಕಿಲೋ. 2012ರಲ್ಲಿ ನಮ್ಮ ದೇಶಕ್ಕೆ ಬಂದ ಕೆಟಿಎಂ ಡ್ಯೂಕ್ 200ಕ್ಕೆ 10,000 ಸುತ್ತಿನಲ್ಲಿ 25 ಅಶ್ವಶಕ್ತಿ, ತೂಕವೂ ಸಾಕಷ್ಟು ಕಡಿಮೆ.

"ಮಾಷ್ಟ್ರೇ, ಅವನಿಗೆ ಬುಲೆಟ್ ಕೊಡಿಸಲಿಲ್ಲ, ಇನ್ನೂರು ಸಿಸಿಯ ಸಣ್ಣದು ಸಾಕೆಂದು ಹೇಳಿದೆ" ಎಂದು ತಂದೆಯೊಬ್ಬರು ರಕ್ಷಕ ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ನನ್ನಲ್ಲಿ ಹೇಳಿದುದುಂಟು. ಅವರ ಮಾತಿನಲ್ಲಿ ಮಗನ ಮೇಲಿನ ಕಾಳಜಿಯೇ ಇತ್ತು. ಆದರೆ ಕೊಡಿಸಿದ್ದು ಎರಡರಲ್ಲಿ ಹೆಚ್ಚು ವೇಗದ್ದನ್ನು! ಸಿಸಿ ಕಡಿಮೆಯಾದರೆ ಅಪಾಯ ಕಡಿಮೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಿಮೆಯ ಕಂತನ್ನು ನಿಗದಿ ಮಾಡುವವರೂ ಸಿಸಿಯನ್ನೇ ನೋಡುತ್ತಾರೆ. 150ರಿಂದ 350ರ ತನಕ ಒಂದೇ ಮೆಟ್ಟಿಲು, ಮೇಲೆ ಹೇಳಿದ ಎರಡು ಗಾಡಿಗಳೂ ಅದರಲ್ಲೇ ಕುಳಿತಿವೆ. ಮಗನಿಗೋ ಮಗಳಿಗೋ ಗಾಡಿ ಕೊಡಿಸುವವರು ಕಾಗದದಲ್ಲಿ ಇನ್ನೆರಡು ಅಂಕಿಗಳನ್ನು ಓದಬೇಕು: ಎಷ್ಟು ಸುತ್ತಿನಲ್ಲಿ ಎಷ್ಟು ಅಶ್ವಶಕ್ತಿ, ಮತ್ತು ಗಾಡಿಯ ತೂಕ. ಒಂದನ್ನು ಇನ್ನೊಂದರಿಂದ ಭಾಗಿಸುವುದಕ್ಕೆ ಏಳನೆಯ ತರಗತಿಯ ಗಣಿತ ಸಾಕು.

ಕೊಡಿಸುವುದಕ್ಕೆ ಮೊದಲು ವಯಸ್ಸನ್ನೂ ಓದಬೇಕು. ಗೇರಿನ ಗಾಡಿಗೆ ಹದಿನೆಂಟು ತುಂಬಿರಬೇಕು. ಹದಿನಾರು ತುಂಬಿದವರಿಗೆ ಕಾನೂನು ಅನುಮತಿಸುವುದು 50 ಸಿಸಿ ಮೀರದ ಗಾಡಿಯನ್ನು ಮಾತ್ರ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ನಡೆದರೆ ರಕ್ಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದ ವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದ ಹುಡುಗನಿಗೆ ಇಪ್ಪತ್ತೈದು ತುಂಬುವ ತನಕ ಕಲಿಕೆಯ ಲೈಸೆನ್ಸೂ ಇಲ್ಲ. ತಲಪಾಡಿಯಿಂದ ಈಚೆಗೆ ಆರು ಪಥದ ಹೆದ್ದಾರಿ ಬಂದಿದೆ. ಹತ್ತು ಸಾವಿರ ಸುತ್ತು ತಿರುಗುವ ಇಂಜಿನಿಗೆ ಅದು ಹೇಳಿ ಮಾಡಿಸಿದ ಮೈದಾನ. ಆದರೆ ಅದೇ ಹುಡುಗ ಸಂಜೆ ಮನೆಗೆ ಹೋಗುವುದು ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವ ತಿರುವುಗಳ ರಸ್ತೆಯಲ್ಲಿ. ಹೆದ್ದಾರಿಯ ವೇಗಕ್ಕೆ ಪಳಗಿದ ಕೈ ಅಲ್ಲಿಗೂ ಹಾಗೆಯೇ ಬರುತ್ತದೆ.

ಮಕ್ಕಳ ಚರ್ಚೆಗೆ ಒಂದು ಸುದ್ದಿ ಸೇರಿಸಿ ನಿಲ್ಲಿಸುತ್ತೇನೆ. ಎಸ್ 2000 ತಯಾರಿಕೆ 2009ರಲ್ಲಿ ನಿಂತುಹೋಯಿತು. ಹೋಂಡಾದವರ ಸಿವಿಕ್ ಟೈಪ್-ಆರ್ ಕಾರು 2015ರಿಂದ ಟರ್ಬೋ ಹಾಕಿಕೊಂಡು 6,500 ಸುತ್ತಿಗೇ ತನ್ನ ಪೂರ್ತಿ ಶಕ್ತಿಯನ್ನು ಕೊಡುತ್ತಿದೆ. ಅತ್ತ 2023ರ ಕಾರ್ವೆಟ್ ಝಡ್-06 ಐದೂವರೆ ಲೀಟರಿನ ಎಂಟು ಸಿಲಿಂಡರುಗಳ ಇಂಜಿನನ್ನು, ತಲೆಯ ಮೇಲೆ ನಾಲ್ಕು ಕ್ಯಾಮ್ ದಂಡ ಇಟ್ಟುಕೊಂಡು, 8,600 ಸುತ್ತಿನ ತನಕ ತಿರುಗಿಸುತ್ತದೆ, ಶಕ್ತಿ 670. ಊಟದ ಬಿಡುವಿನ ಎರಡು ಪಂಗಡದವರೂ ಈಗ ಬೆಂಚು ಬದಲಾಯಿಸಿಕೊಳ್ಳಬೇಕಾದೀತು. ಒಂಬತ್ತನೆಯ ತರಗತಿಯವರು ಲೈಸೆನ್ಸು ಪಡೆಯುವ ವಯಸ್ಸಿಗೆ ಬರುವಾಗ ರಸ್ತೆಯಲ್ಲಿ ಬ್ಯಾಟರಿಯ ಕಾರುಗಳು ಇನ್ನಷ್ಟು ಹೆಚ್ಚಿರುತ್ತವೆ. ಅವುಗಳ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ತಿ ಟಾರ್ಕ್ ಕೊಡುತ್ತದೆ, ಪೆಟ್ರೋಲು ಇಂಜಿನುಗಳನ್ನು ಮೀರಿಸಿಯೂ ತಿರುಗಬಲ್ಲದು, ಅದಕ್ಕೆ ಸಿಸಿ ಎಂಬುದೇ ಇಲ್ಲ, ಕೂಗಿ ತಿಳಿಸುವ ಕಂಠವೂ ಇಲ್ಲ.